ಟಿಬಿ ಬಂದವರನ್ನು ಆಸ್ಪತ್ರೆಗೆ ಸೇರಿಸದೆ ಮನೆಯಲ್ಲೇ ಗುಣ ಮಾಡಬಹುದೇ?

ಹೆಚ್ಚಿನವರಿಗೆ ಮನೆಯಲ್ಲೇ ಗುಣವಾಗುತ್ತದೆ. ಇದು ಸುಮ್ನೆ ಧೈರ್ಯಕ್ಕೆ ಹೇಳುವ ಮಾತಲ್ಲ. 1956ರಲ್ಲಿ ಮದ್ರಾಸಿನಲ್ಲಿ ಇದನ್ನೇ ಪರೀಕ್ಷಿಸಲು ಶುರು ಮಾಡಿದರು. ಬಡ ರೋಗಿಗಳಲ್ಲಿ ಒಂದು ಗುಂಪಿಗೆ ಸ್ಯಾನಟೋರಿಯಂ, ಅಂದ್ರೆ ಟಿಬಿ ರೋಗಿಗಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಆಸ್ಪತ್ರೆ. ಒಳ್ಳೆ ಊಟ, ಪೂರ್ತಿ ವಿಶ್ರಾಂತಿ. ಇನ್ನೊಂದು ಗುಂಪು ತಮ್ಮ ಇಕ್ಕಟ್ಟಾದ ಮನೆಯಲ್ಲೇ. ಔಷಧಿ ಮಾತ್ರ ಎರಡೂ ಕಡೆ ಒಂದೇ: ಒಂದು ವರ್ಷ ಐಸೋನಿಯಾಜಿಡ್ ಮತ್ತು ಪಿಎಎಸ್. ಫಲ ಹೆಚ್ಚುಕಡಿಮೆ ಸಮವಾಗಿ ಬಂತು. ಆಶ್ಚರ್ಯ ಅಂದ್ರೆ, ಜೊತೆಗಿದ್ದ ಮನೆಯವರಿಗೂ ರೋಗ ಜಾಸ್ತಿ ಹರಡಲಿಲ್ಲ. ಹರಡುವುದು ಬಹುಪಾಲು ಔಷಧಿ ಶುರುವಾಗುವ ಮೊದಲೇ ಅಲ್ವಾ!

ಈಗ ಸಾಮಾನ್ಯ ಟಿಬಿಗೆ 6 ತಿಂಗಳು ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕೆಮ್ಮು ನಿಂತಿತು ಅಂತ ನಡುವೆ ಬಿಟ್ಟರೆ ರೋಗ ಮತ್ತೆ ಬರಬಹುದು, ಔಷಧಿಗೂ ಬಗ್ಗದಿರಬಹುದು. ಕೆಮ್ಮಿನಲ್ಲಿ ರಕ್ತ ಬೀಳುತ್ತಿದ್ದರೆ, ಉಸಿರಾಡಲು ಕಷ್ಟವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.