ಬೋಲ್ಟ್ ಮುಚ್ಚಿತು ಅಂದರೆ ತೋಟಾ ಸರಿಯಾದದ್ದು ಅಂತಲ್ಲ

.223 ಅಳತೆಯ ರೈಫಲ್‌ಗೆ .300 ಬ್ಲ್ಯಾಕ್‌ಔಟ್ ಅನ್ನುವ ಬೇರೆ ಅಳತೆಯ ತೋಟಾ ಹಾಕಿದೆ, ಸ್ವಲ್ಪ ಒತ್ತಿದ ಮೇಲೆ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ಮುಚ್ಚಿತು, ಹಾರಿಸಬಹುದಾ ಅಂತ ಕೇಳಿದ್ದೀರಿ. ಬೇಡ, ದಯವಿಟ್ಟು ಹಾರಿಸಬೇಡಿ.

ಎರಡೂ ತೋಟಾಗಳ ಬುಡದ ಅಳತೆ ಒಂದೇ. .223ರ ಕೇಸನ್ನೇ (ಮದ್ದು ತುಂಬುವ ಲೋಹದ ಕೊಳವೆ) ಕತ್ತರಿಸಿ, ಬಾಯಿ ಅಗಲ ಮಾಡಿದ ಹಾಗಿದೆ .300 ಬ್ಲ್ಯಾಕ್‌ಔಟ್. ಅದಕ್ಕೇ ಒಂದೇ ಮ್ಯಾಗಜೀನ್‌ನಲ್ಲಿ ಕೂರುತ್ತದೆ, ಕೆಲವು ತೋಟಾಗಳು ಚೇಂಬರ್‌ಗೂ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಹೋಗಿಬಿಡುತ್ತವೆ. ಆದರೆ ಗುಂಡಿನ ದಪ್ಪ ನೋಡಿ: .300 ಬ್ಲ್ಯಾಕ್‌ಔಟ್‌ನದು ಸುಮಾರು 7.8 ಮಿ.ಮೀ., ನಿಮ್ಮ ನಳಿಗೆಗೆ ಬೇಕಾದದ್ದು 5.7 ಮಿ.ಮೀ. ಮದ್ದು ಹೊತ್ತಿಕೊಂಡ ಮೇಲೆ ಅನಿಲಕ್ಕೆ ಜಾಗ ಸಿಗುವುದು ಗುಂಡು ಮುಂದೆ ಸರಿದಾಗ ಮಾತ್ರ ಅಲ್ವಾ? ಇಲ್ಲಿ ಗುಂಡು ಬಿರಡೆಯ ಹಾಗೆ ಸಿಕ್ಕಿಕೊಳ್ಳುತ್ತದೆ, ಒತ್ತಡ ಹೆಚ್ಚಿದಷ್ಟೂ ಮದ್ದು ಇನ್ನೂ ಬೇಗ ಉರಿಯುತ್ತದೆ, ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದು ರೈಫಲ್ಲೇ ನಿಮ್ಮ ಮುಖದ ಹತ್ತಿರ ಸಿಡಿಯಬಹುದು. ಸರಿಯಾದ ತೋಟಾದಲ್ಲೇ ಒತ್ತಡ 55,000 ಪಿಎಸ್‌ಐ (ಒಂದು ಚದರ ಅಂಗುಲಕ್ಕೆ ಅಷ್ಟು ಪೌಂಡ್) ತನಕ ಹೋಗುತ್ತದೆ, ಇಲ್ಲಿ ಅದನ್ನೂ ಮೀರುತ್ತದೆ.

ಸರಿಯಾದ ತೋಟಾ ಆದರೂ, ಒಮ್ಮೆ ಹಾರಿಸಿ ಮರುತುಂಬಿಸಿದ ಕೇಸಿನ ಕತ್ತು ಉದ್ದ ಜಾಸ್ತಿಯಾಗಿದ್ದರೆ ಅದು ಚೇಂಬರ್ ತುದಿಗೆ ಒತ್ತಿ ಗುಂಡನ್ನು ಬಿಗಿಹಿಡಿಯುತ್ತದೆ. ಆಗಲೂ ಒತ್ತಡ ಏರುತ್ತದೆ. ಬೋಲ್ಟ್ ಮುಚ್ಚಲು ಮಾಮೂಲಿಗಿಂತ ಜಾಸ್ತಿ ಬಲ ಬೇಕಾಯಿತು ಅಂದರೆ ಅಲ್ಲೇ ನಿಲ್ಲಿಸಬೇಕು.

ಈಗ ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಬೆರಳು ಟ್ರಿಗರ್‌ನಿಂದ ದೂರ ಇಟ್ಟು, ಮ್ಯಾಗಜೀನ್ ತೆಗೆದು ನಿಧಾನವಾಗಿ ಬೋಲ್ಟ್ ಎಳೆಯಿರಿ. ಬರದಿದ್ದರೆ ಮುಂದಿನಿಂದ ಕಡ್ಡಿ ಹಾಕಿ ಕುಟ್ಟಲೇಬೇಡಿ, ಬಂದೂಕು ರಿಪೇರಿ ಮಾಡುವವರನ್ನು ಕರೆಯಿರಿ. ಆಮೇಲೆ ಆ ಎರಡು ಬಗೆಯ ತೋಟಾಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡಿ, ಮ್ಯಾಗಜೀನ್‌ಗೂ ಗುರುತು ಹಾಕಿ.