ಹೊಸ ಬಣ್ಣದ ಹಿಂದೆ ಏನಿದೆ? ಮನೆ ತಪಾಸಣೆ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಬೆಂಗಳೂರಿನಲ್ಲಿ 11 ವರ್ಷ ಹಳೆಯ ಫ್ಲ್ಯಾಟ್ ಒಂದನ್ನು ನೋಡಿದ್ದೇವೆ. ಈಗಷ್ಟೇ ಬಣ್ಣ ಹೊಡೆಸಿದ್ದಾರೆ. ಆದರೂ ಬಚ್ಚಲಿಗೆ ಅಂಟಿಕೊಂಡ ಮಲಗುವ ಕೋಣೆಯ ಗೋಡೆ ಬುಡದಲ್ಲಿ ಬಣ್ಣ ಉಬ್ಬಿದೆ. "ಮಳೆಗಾಲದ ಥಂಡಿ, ಅಷ್ಟೆ" ಅನ್ನುತ್ತಾರೆ ಮಾಲೀಕರು. ಟೋಕನ್ ಹಣ ಕೊಡಬಹುದೇ?

ಉತ್ತರ: ಸದ್ಯಕ್ಕೆ ಕೊಡಬೇಡಿ. ಎರಡು ಕೋಣೆಗಳ ನಡುವಿನ ಗೋಡೆಗೆ ಮಳೆ ತಾಗುವುದೇ ಇಲ್ಲ. ಅದರ ಬುಡ ಒದ್ದೆಯಾಗಿದ್ದರೆ ಮೊದಲ ಅನುಮಾನ ಬಚ್ಚಲಿನ ನೆಲದ ಮೇಲೆ. ಹಲವು ಅಪಾರ್ಟ್‌ಮೆಂಟ್‌ಗಳಲ್ಲಿ ಬಚ್ಚಲಿನ ಜಾಗದ ಸ್ಲ್ಯಾಬನ್ನು ಮುಕ್ಕಾಲರಿಂದ ಒಂದು ಅಡಿ ತಗ್ಗಿಸಿ, ಆ ಗುಂಡಿಯಲ್ಲಿ ಪೈಪು ಹಾಯಿಸಿ, ಇಟ್ಟಿಗೆ ಚೂರು ಇಲ್ಲವೇ ಸಿಂಡರ್ (ಸುಟ್ಟ ಕಲ್ಲಿದ್ದಲಿನ ಚೂರು) ತುಂಬಿ, ಮೇಲೆ ಟೈಲ್ಸ್ ಕೂರಿಸಿರುತ್ತಾರೆ. ಟೈಲ್ಸ್ ಸಂದಿಯಲ್ಲೋ ನೆಲದ ನೀರು ಹೊರಹೋಗುವ ಟ್ರ್ಯಾಪ್ ಕೂಡುವ ಜಾಗದಲ್ಲೋ ಬಿರುಕು ಬಿಟ್ಟರೆ, ಒಳಗಿನ ಭರ್ತಿಯೆಲ್ಲ ಸ್ಪಂಜಿನಂತೆ ನೀರು ಕುಡಿದು ಗೋಡೆ ಬುಡದಿಂದ ನಿಧಾನವಾಗಿ ಬಿಡುತ್ತದೆ. ಬಚ್ಚಲು ಬಳಸದೆ ಬಿಟ್ಟರೂ ಕಲೆ ವಾರಗಟ್ಟಲೆ ಆರದಿರುವುದು ಇದಕ್ಕೇ.

ಮೊದಲು ಕೆಳಗಿನ ಮನೆಯವರನ್ನು ಕೇಳಿ, ಅವರ ಬಚ್ಚಲಿನ ಸೂರು ನೋಡಿ. ಅಲ್ಲಿ ಇತ್ತೀಚೆಗೆ ಫಾಲ್ಸ್ ಸೀಲಿಂಗ್ ಹಾಕಿಸಿದ್ದರೆ ಏಕೆಂದು ವಿಚಾರಿಸಿ. ಆಮೇಲೆ ಮಾಲೀಕರ ಒಪ್ಪಿಗೆ ಪಡೆದು ಮೂರು ಪರೀಕ್ಷೆ ಮಾಡಿಸಿ. ಇದೇ ಕ್ರಮದಲ್ಲಿ, ಒಂದಾದ ಮೇಲೆ ಒಂದು. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ತಪ್ಪು ಯಾವುದರದ್ದೆಂದು ತಿಳಿಯುವುದಿಲ್ಲ. ಶುರು ಮಾಡುವ ಮುನ್ನ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ.

ಒಂದು: ಎಲ್ಲ ನಲ್ಲಿ ಮುಚ್ಚಿ, ಫ್ಲಶ್ ಟ್ಯಾಂಕಿಗೆ ಹೋಗುವ ವಾಲ್ವ್ ತಿರುಗಿಸಿ, ಮನೆಯ ನೀರಿನ ಮೀಟರ್ ಅಂಕಿ ಬರೆದುಕೊಳ್ಳಿ. ಎರಡು ಗಂಟೆ ಬಿಟ್ಟು ನೋಡಿದಾಗ ಅಂಕಿ ಸರಿದಿದ್ದರೆ ನೀರು ಬರುವ ಪೈಪೇ ಸೋರುತ್ತಿದೆ. ಎರಡು: ಟ್ರ್ಯಾಪ್ ಬಾಯಿಗೆ ರಬ್ಬರ್ ಬಿರಡೆ ಬಿಗಿದು, ಬಾಗಿಲಿಗೆ ಅಡ್ಡ ಸಣ್ಣ ಕಟ್ಟೆ ಕಟ್ಟಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ. 24 ಗಂಟೆ ಕನಿಷ್ಠ, 48 ಆದರೆ ಒಳ್ಳೆಯದು. ಕಲೆ ಗೆರೆ ದಾಟಿದರೆ ದೋಷ ಟೈಲ್ಸ್ ಸಂದಿಯಲ್ಲಿ ಅಥವಾ ಅದರಡಿಯ ವಾಟರ್‌ಪ್ರೂಫಿಂಗ್‌ನಲ್ಲಿ. ಮೂರು: ಕಲೆ ಹಿಗ್ಗದಿದ್ದರೆ ಬಿರಡೆ ತೆಗೆದು ಐದಾರು ಬಕೆಟ್ ನೀರು ಸುರಿಯಿರಿ. ಈಗ ಹಿಗ್ಗಿದರೆ ತಪ್ಪು ಟ್ರ್ಯಾಪಿನ ಜೋಡಣೆಯದ್ದು ಅಥವಾ ಹೊರಹೋಗುವ ಪೈಪಿನದ್ದು.

ತೇವ ಅಳೆಯುವ ಮೀಟರ್ ತಂದವರು ತೋರಿಸುವ ಅಂಕಿಯನ್ನು ಕಣ್ಣು ಮುಚ್ಚಿ ನಂಬಬೇಡಿ. ಪಿನ್ ಚುಚ್ಚುವ ಮೀಟರ್‌ಗಳ ಅಳತೆಪಟ್ಟಿ ಮರಕ್ಕೆ ಹೊಂದಿಸಿದ್ದು. ಗೋಡೆ ಉಪ್ಪು ಬಿಟ್ಟಿದ್ದರೆ ಒಣಗಿದ ಮೇಲೂ ಹೆಚ್ಚೇ ತೋರಿಸುತ್ತದೆ. ಅದೇ ಮನೆಯ ಒಣ ಗೋಡೆಯ ಅಂಕಿಯೊಂದಿಗೆ ಹೋಲಿಸಿದರೆ ಮಾತ್ರ ಉಪಯೋಗ.

ರಿಪೇರಿ ಖರ್ಚು ಕಾರಣದ ಮೇಲೆ ನಿಂತಿದೆ. ಸಂದಿಯಷ್ಟೇ ಆದರೆ ಸಂದಿ ತುಂಬಿದ ಹಳೆಯ ಗ್ರೌಟ್ ಕೆರೆದು ಎಪಾಕ್ಸಿ ಗ್ರೌಟ್ ತುಂಬಿದರೆ ಮುಗಿಯಿತು. ಟ್ರ್ಯಾಪ್ ಆದರೆ ಸುತ್ತಲಿನ ನಾಲ್ಕು ಟೈಲ್ಸ್ ಒಡೆಯಬೇಕು. ಭರ್ತಿ ಪೂರ್ತಿ ನೆನೆದಿದ್ದರೆ ಸ್ಲ್ಯಾಬ್ ತನಕ ಅಗೆದು ತೆಗೆದು, ಮೂಲೆಗಳನ್ನು ಗಾರೆಯಿಂದ ದುಂಡಗೆ ಮಾಡಿ, ಗೋಡೆಯ ಮೇಲೂ ಒಂದಡಿ ಏರುವಂತೆ ಎರಡು ಕೋಟ್ ವಾಟರ್‌ಪ್ರೂಫಿಂಗ್ ಹಚ್ಚಬೇಕು. ಆ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ. ಮಲಗುವ ಕೋಣೆ ಕಡೆಯಿಂದ 'ಡ್ಯಾಂಪ್ ಪ್ರೂಫ್' ಬಣ್ಣ ಬಳಿಯುವುದು ಚಿಕಿತ್ಸೆಯಲ್ಲ. ಹಿಂದಿನಿಂದ ತಳ್ಳುವ ನೀರು ಅದನ್ನೂ ಉಬ್ಬಿಸುತ್ತದೆ. ನೀವು ನೋಡಿದ ಗೋಡೆಯಲ್ಲಿ ಆಗಿರುವುದೂ ಬಹುಶಃ ಅದೇ.

ಪ್ರಶ್ನೆ: ಧಾರವಾಡದ ಹತ್ತಿರ ಎರೆ ಹೊಲದಲ್ಲಿ ಆರು ವರ್ಷದ ಹಿಂದೆ ಕಟ್ಟಿಸಿದ ಮನೆ. ಮೂಲೆ ಕೋಣೆಗಳಲ್ಲಿ ಓರೆಯಾಗಿ ಬಿರುಕು. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮಳೆ ಬಂದರೆ ಮುಚ್ಚಿಕೊಳ್ಳುತ್ತದೆ. ಎರಡು ಸಲ ಸಿಮೆಂಟ್ ತುಂಬಿಸಿದೆವು, ಮತ್ತೆ ಬಂತು.

ಉತ್ತರ: ಬಿರುಕು ಋತು ನೋಡಿ ಬಾಯಿ ಬಿಡುತ್ತಿದೆ ಎಂದರೆ ಅಲುಗಾಡುತ್ತಿರುವುದು ಗೋಡೆಯಲ್ಲ, ಅದರಡಿಯ ಮಣ್ಣು. ಎರೆಮಣ್ಣು ನೀರು ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಮನೆಯ ನಡುವಿನ ಮಣ್ಣು ನೆರಳಲ್ಲಿ ಹೆಚ್ಚುಕಡಿಮೆ ಒಂದೇ ತೇವದಲ್ಲಿರುತ್ತದೆ. ಅಂಚಿನದ್ದು ಮಾತ್ರ ಬಿಸಿಲಿಗೆ ಒಣಗುತ್ತದೆ. ಹಾಗಾಗಿ ಮೂಲೆಗಳು ಬೇಸಿಗೆಯಲ್ಲಿ ಇಳಿಯುತ್ತವೆ. ಬಿರುಕು ಕೆಳಗಿಗಿಂತ ಮೇಲೆ ಅಗಲವಾಗಿದ್ದರೆ ಮೂಲೆ ಇಳಿದಿರುವುದಕ್ಕೆ ಅದು ಬಲವಾದ ಸುಳಿವು. ಇಂಥ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡ ಉಬ್ಬಿದ ಅಂಡರ್‌ರೀಮ್ಡ್ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಅನ್ನು ರೂಪಿಸಿತು. ಋತುವಿನ ಏರಿಳಿತ ಮುಟ್ಟದ ಆಳಕ್ಕೆ, ಸಾಮಾನ್ಯವಾಗಿ ಮೂರೂವರೆ ಮೀಟರ್‌ಗೆ, ಅದು ಕಾಲೂರುತ್ತದೆ. ಕಟ್ಟಿದ ಮನೆಗೆ ಅದನ್ನು ಸೇರಿಸುವುದು ಸುಲಭವಲ್ಲ. ಆದರೆ ಮಣ್ಣಿನ ತೇವ ಏರುಪೇರಾಗದಂತೆ ನೋಡಿಕೊಂಡರೆ ಅರ್ಧ ಸಮಸ್ಯೆ ತಣ್ಣಗಾಗುತ್ತದೆ.

ಮನೆಯ ಸುತ್ತ ಒಂದು ಮೀಟರ್ ಅಗಲ, ಮೂರ್ನಾಲ್ಕು ಇಂಚು ದಪ್ಪದ ಕಾಂಕ್ರೀಟ್ ಹಾಸು ಹಾಕಿಸಿ. ಇಳಿಜಾರು ಹೊರಗಡೆಗಿರಲಿ: ಒಂದು ಮೀಟರ್‌ಗೆ ಎರಡು ಸೆಂಟಿಮೀಟರ್. ಹಾಸು ಮತ್ತು ಗೋಡೆ ಸೇರುವ ಸಂದಿಗೆ ಡಾಂಬರಿನ ಸೀಲೆಂಟ್ ತುಂಬಿ. ತಾರಸಿಯ ಮಳೆಪೈಪು ಪಾಯದ ಬುಡಕ್ಕೆ ನೀರು ಸುರಿಯುತ್ತಿದ್ದರೆ ಪೈಪನ್ನು ಹಾಸಿನ ಆಚೆಗೆ ಒಯ್ಯಿರಿ. ಗೋಡೆಗೆ ಒರಗಿಸಿದ ಹೂಕುಂಡ, ಬಾಳೆ, ಅದಕ್ಕೆ ದಿನಾ ನೀರು, ಇವೆಲ್ಲ ದೂರ ಹೋಗಲಿ. ದೊಡ್ಡ ಮರವಾದರೆ ಅದು ಬೆಳೆಯುವ ಎತ್ತರದಷ್ಟು ದೂರವಿರಬೇಕು.

ಬಿರುಕಿನ ಎರಡೂ ದಂಡೆಗೆ ಒಂದೊಂದು ಮೊಳೆ ಹೊಡೆದು, ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ತಿಂಗಳಿಗೊಮ್ಮೆ, ಒಂದು ಬೇಸಿಗೆ ಒಂದು ಮಳೆಗಾಲ ದಾಟುವ ತನಕ ಅಳೆಯಿರಿ. ಏರಿಳಿತ ನಿಂತ ಮೇಲೆ ಬಿರುಕನ್ನು 10 ಮಿಲಿಮೀಟರ್ ಅಗಲಕ್ಕೆ ವಿ ಆಕಾರದಲ್ಲಿ ಕೊರೆದು, ಎಳೆದರೆ ಹಿಗ್ಗುವ ಸೀಲೆಂಟ್ ತುಂಬಿ. ಸಿಮೆಂಟ್ ಹಿಗ್ಗುವುದಿಲ್ಲ, ಅದಕ್ಕೇ ಎರಡು ಸಲವೂ ಬಿಟ್ಟುಹೋಯಿತು. ಬಿರುಕು 5 ಮಿಲಿಮೀಟರ್ ದಾಟಿದ್ದರೆ, ಒಂದು ದಂಡೆ ಇನ್ನೊಂದಕ್ಕಿಂತ ಮುಂದೆ ಬಂದಿದ್ದರೆ, ಅಥವಾ ಕಂಬದ ಮೇಲೆ ಕಬ್ಬಿಣದ ಗುಂಟ ತುಕ್ಕಿನ ಗೆರೆ ಮೂಡಿದ್ದರೆ ಇಷ್ಟು ಕಾಯಬೇಡಿ, ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ.

ಪ್ರಶ್ನೆ: ಮೈಸೂರಿನಲ್ಲಿ 30 ವರ್ಷದ ಹಳೆ ಮನೆ ಕೊಂಡೆವು. ಗೀಸರ್ ಹಾಕಿ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ. ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು "230 ತೋರಿಸ್ತಿದೆ, ಅರ್ಥಿಂಗ್ ಇದೆ" ಅಂದರು.

ಉತ್ತರ: ಈ ಕ್ಷಣವೇ ಬೋರ್ಡಿನಲ್ಲಿರುವ ಗೀಸರಿನ ಎಂಸಿಬಿ ಸ್ವಿಚ್ ಇಳಿಸಿ, ಕಾರಣ ಸಿಗುವವರೆಗೆ ಸ್ನಾನದ ನೀರು ಒಲೆಯ ಮೇಲೆ ಕಾಯಲಿ. ಮಲ್ಟಿಮೀಟರ್ ಎಳೆಯುವ ಕರೆಂಟು ಅತ್ಯಲ್ಪ, ಹಾಗಾಗಿ ತುಕ್ಕು ಹಿಡಿದ ಅರೆಜೀವದ ಅರ್ಥಿಂಗ್ ಕೂಡ ಅದಕ್ಕೆ 230 ವೋಲ್ಟ್ ತೋರಿಸುತ್ತದೆ. ಅರ್ಥ್ ಟೆಸ್ಟರ್‌ನಿಂದ ರೋಧ ಅಳೆಸಬೇಕು. 5 ಓಮ್ ಒಳಗಿದ್ದರೆ ಒಳ್ಳೆಯದು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ತುಂಬ ಹೆಚ್ಚು ಬಂದರೆ ಎಲ್ಲೋ ಜೋಡಣೆ ಸಡಿಲವಾಗಿದೆ. ಹಳೆ ಮನೆಗಳಲ್ಲಿ ಉಪ್ಪು–ಇದ್ದಿಲು ತುಂಬಿದ ಅರ್ಥ್ ಗುಂಡಿ ಒಣಗಿರುತ್ತದೆ, ಇಲ್ಲವೇ ಪೈಪಿಗೆ ತಂತಿ ಬಿಗಿಯುವ ಕ್ಲ್ಯಾಂಪ್ ತುಕ್ಕಿಗೆ ಉದುರಿರುತ್ತದೆ.

ಸಾಕೆಟ್ ಬಿಚ್ಚಿಸಿ ನೋಡಿ. ಅರ್ಥ್ ತಂತಿ ಸಿಗದಾಗ ಕೆಲವರು ಅಲ್ಲೇ ನ್ಯೂಟ್ರಲ್‌ಗೆ ಅರ್ಥ್ ಪಿನ್ ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ಮುಂದೆ ಯಾವಾಗಲೋ ನ್ಯೂಟ್ರಲ್ ಕಡಿದರೆ ಗೀಸರಿನ ಮೈಯೆಲ್ಲ ಕರೆಂಟು. ಇದಕ್ಕಿಂತ ಕೆಟ್ಟ ತಪ್ಪು ಮನೆ ವೈರಿಂಗಿನಲ್ಲಿ ಕಡಿಮೆ.

ಗೀಸರಿನ ಕಾಯಿಲ್ ಅನ್ನು ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರ್‌ನಲ್ಲಿ ಪರೀಕ್ಷಿಸಿ. 1 ಮೆಗಾಓಮ್‌ಗಿಂತ ಕೆಳಗಿದ್ದರೆ ಬದಲಿಸಿ. 3 ಕಿಲೋವ್ಯಾಟ್ ಗೀಸರ್ ಸುಮಾರು 13 ಆಂಪಿಯರ್ ಎಳೆಯುತ್ತದೆ, ಅದಕ್ಕೆ 2.5 ಚದರ ಮಿಲಿಮೀಟರ್ ತಾಮ್ರದ ತಂತಿಯಾದರೂ ಬೇಕು. ದೂರ ಹೆಚ್ಚಿದ್ದರೆ 4. ಮುಖ್ಯ ಬೋರ್ಡಿನಲ್ಲಿ ಸೋರುವ ಕರೆಂಟನ್ನು ಗ್ರಹಿಸಿ ತಾನೇ ಬೀಳುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದಿದ್ದರೆ ಹಾಕಿಸಿ, ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಎಂಸಿಬಿ ಇದೆಯಲ್ಲ ಎಂಬ ಸಮಾಧಾನ ಬೇಡ: 16 ಆಂಪಿಯರ್‌ನದ್ದು ಬೀಳಲು 16ಕ್ಕೂ ಹೆಚ್ಚು ಹರಿಯಬೇಕು, ಮನುಷ್ಯನ ಜೀವ ತೆಗೆಯಲು ಅದರ ನೂರರಲ್ಲೊಂದು ಪಾಲು ಸಾಕು.

ಪ್ರಶ್ನೆ: ಹೊಸ ಅಪಾರ್ಟ್‌ಮೆಂಟ್‌ನ ಕೀಲಿ ಕೈಗೆ ಬಂತು. ಹಾಲ್‌ನ ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು. "ಎಲ್ಲಾ ಕಡೆ ಹೀಗೇ ಸಾರ್" ಎನ್ನುತ್ತಾರೆ ಬಿಲ್ಡರ್ ಕಡೆಯವರು.

ಉತ್ತರ: ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದೇ ಇಲ್ಲವೆನ್ನಬಹುದು, ಹಾಗಾಗಿ ನೀರಾಗಿ ಕಲಸಿದ ಬರೀ ಸಿಮೆಂಟಿಗೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಅಂಟು ಬಳಸಿದರೂ ಐದು ಕಡೆ ಉಂಡೆ ಇಟ್ಟು ಒತ್ತಿದ್ದರೆ ನಡುವೆ ಟೊಳ್ಳು ಉಳಿಯುತ್ತದೆ. ಒಂದು ರೂಪಾಯಿ ನಾಣ್ಯದಿಂದ ಪ್ರತಿ ಟೈಲ್‌ನ ನಾಲ್ಕು ಮೂಲೆ ಮತ್ತು ನಡು ತಟ್ಟಿ, ಟೊಳ್ಳಿದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಮೇಲಿನಿಂದ ಫೋಟೊ ತೆಗೆಯಿರಿ. ನಡುವೆ ಅಂಗೈಯಗಲದ ಟೊಳ್ಳಿದ್ದರೆ ಹಟ ಹಿಡಿಯಬೇಡಿ. ಮೂಲೆ, ಅಂಚು, ಬಾಗಿಲ ಬಳಿಯವನ್ನು ಬಿಡಬೇಡಿ. ಮಂಚದ ಕಾಲು ಕೂತ ದಿನ ಒಡೆಯುವುದು ಅವೇ. ಜೊತೆಗೆ ಸಂದಿಯೇ ಇಲ್ಲದಂತೆ ಟೈಲ್ಸ್ ಕೂಡಿಸಿದ್ದಾರೆಯೇ ನೋಡಿ. ಕನಿಷ್ಠ 2 ಮಿಲಿಮೀಟರ್ ಸ್ಪೇಸರ್ ಸಂದಿ, ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿಯ ಅಡಿ ಐದಾರು ಮಿಲಿಮೀಟರ್ ಬಿಡುವು ಇಲ್ಲದಿದ್ದರೆ ಸೆಕೆಗೆ ಹಿಗ್ಗಿ ಎದ್ದು ನಿಲ್ಲುತ್ತವೆ.

2016ರ ರಿಯಲ್ ಎಸ್ಟೇಟ್ ನಿಯಂತ್ರಣ (ರೇರಾ) ಕಾಯ್ದೆಯ 14(3)ನೇ ಕಲಂ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಂಡ ಕೆಲಸಗಾರಿಕೆಯ ದೋಷವನ್ನೂ ಬಿಲ್ಡರ್ 30 ದಿನದಲ್ಲಿ ಖರ್ಚು ಕೇಳದೆ ಸರಿಪಡಿಸಬೇಕು. ಬಾಯಿಮಾತು ಸಾಲದು, ಫೋಟೊ ಸಹಿತ ಇಮೇಲ್ ಕಳಿಸಿ. ಅದೇ ಬ್ಯಾಚಿನ ಒಂದೆರಡು ಬಾಕ್ಸ್ ಟೈಲ್ಸ್ ಕೇಳಿ ಇಟ್ಟುಕೊಳ್ಳಿ, ಮುಂದಿನ ವರ್ಷ ಅದೇ ಬಣ್ಣ ಸಿಗುವುದು ಅನುಮಾನ.

ಪ್ರಶ್ನೆ: ದುಬೈನಲ್ಲಿದ್ದೇವೆ. ಮಂಗಳೂರಿನ ಮನೆಗೆ ಆರು ತಿಂಗಳಿಗೊಮ್ಮೆ ಬಂದಾಗ ಬಚ್ಚಲಿನಲ್ಲಿ ಚರಂಡಿ ವಾಸನೆ.

ಉತ್ತರ: ಪೈಪು ಒಡೆದಿಲ್ಲ, ಟ್ರ್ಯಾಪ್ ಒಣಗಿದೆ, ಅಷ್ಟೆ. ಅದರ ಬಾಗಿನಲ್ಲಿ ಸದಾ ಎರಡು ಇಂಚು ನೀರು ನಿಂತು ಗಾಳಿಯನ್ನು ತಡೆಯಬೇಕು. ಕೆಲವು ವಾರ ಬಳಸದಿದ್ದರೆ ಅದು ಆವಿಯಾಗುತ್ತದೆ, ಜಿರಳೆಗೂ ದಾರಿಯಾಗುತ್ತದೆ. ಹೊರಡುವ ದಿನ ಪ್ರತಿ ಟ್ರ್ಯಾಪಿಗೆ ಒಂದು ಬಕೆಟ್ ನೀರು ಹಾಕಿ, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ತೇಲುವ ಎಣ್ಣೆ ಆವಿಯಾಗುವುದನ್ನು ನಿಧಾನಿಸುತ್ತದೆ. ನೀರಿದ್ದೂ ವಾಸನೆ ಬಂದರೆ ಕಮೋಡ್ ಫ್ಲಶ್ ಮಾಡಿ ನೆಲದ ಟ್ರ್ಯಾಪಿಗೆ ಕಿವಿಗೊಡಿ. ಗುಳುಗುಳು ಸದ್ದಾದರೆ ಗಾಳಿಪೈಪು ಕಟ್ಟಿದೆ, ಅಥವಾ ಹಾಕಿಯೇ ಇಲ್ಲ. ತಾರಸಿಗೆ ಹತ್ತಿ ಅದರ ಬಾಯಲ್ಲಿ ಹಕ್ಕಿಗೂಡಿದೆಯೇ ನೋಡಿಸಿ.