ಗಾಳಿ ಫ್ಯಾನಿನಿಂದ ಕರೆಂಟ್ ಹೇಗೆ ಬರುತ್ತದೆ, 5 ಎಚ್‌ಪಿ ಬೋರಿಗೆ ಅದು ಆಗುತ್ತಾ?

ಅಣ್ಣಾ, ನಮಸ್ಕಾರ. ಆಳಂದ ಕಡೆ ನಿಮ್ಮ ಪಕ್ಕದ ಹೊಲದಲ್ಲಿ ಗಾಳಿ ಅಳೆಯುವ ಕಂಬ ನಿಲ್ಲಿಸಿದ್ದಾರೆ, ಕಂಪನಿಯವರು ನಿಮ್ಮ ಹೊಲವನ್ನೂ ಕೇಳುತ್ತಿದ್ದಾರೆ ಅಂತ ಬರೆದಿದ್ದೀರಿ. ಆ ಫ್ಯಾನು ಕರೆಂಟ್ ಹೇಗೆ ಮಾಡುತ್ತದೆ, ಅಂಥದ್ದೇ ಚಿಕ್ಕದೊಂದನ್ನು ನಮ್ಮ 5 ಎಚ್‌ಪಿ ಬೋರಿಗೆ ಹಾಕಿಸಬಹುದಾ ಅಂತ ನಿಮ್ಮ ಪ್ರಶ್ನೆ. ನಾನು ಕಲಬುರಗಿಯಲ್ಲಿ ಮೋಟರ್ ವೈಂಡಿಂಗ್ ಮಾಡುವವನು, ಸ್ವಲ್ಪ ತೊಗರಿ ಹೊಲವೂ ಇದೆ. ಬೋರಿನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಹಾಕಿಸಬೇಡಿ. ಯಾಕೆ ಅನ್ನುವುದು ಫ್ಯಾನಿನ ಕೆಲಸ ಗೊತ್ತಾದರೆ ತಾನಾಗಿ ತಿಳಿಯುತ್ತದೆ.

ಮೋಟರ್ ಬಿಚ್ಚಿದ್ದನ್ನು ನೀವು ನೋಡಿರುತ್ತೀರಿ. ಸುತ್ತ ತಾಮ್ರದ ತಂತಿಯ ಕಾಯಿಲ್, ನಡುವೆ ತಿರುಗುವ ರೋಟರ್. ಕಾಯಿಲ್‌ಗೆ ಕರೆಂಟ್ ಕೊಟ್ಟರೆ ರೋಟರ್ ತಿರುಗುತ್ತದೆ. ಇದನ್ನೇ ಉಲ್ಟಾ ಮಾಡಿ, ಹೊರಗಿನಿಂದ ಬಲ ಹಾಕಿ ಅಯಸ್ಕಾಂತವನ್ನು ಕಾಯಿಲ್ ಒಳಗೆ ತಿರುಗಿಸಿದರೆ ತಂತಿಯಲ್ಲಿ ಕರೆಂಟ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದದ್ದು ಇದನ್ನೇ.

ನಿಮ್ಮೂರ ಹಿಟ್ಟಿನ ಗಿರಣಿಗೆ ಹೋದಾಗ ಮೋಟರಿನ ನೇಮ್‌ಪ್ಲೇಟ್ ನೋಡಿ. 4 ಪೋಲ್ (ಕಾಯಿಲ್‌ನಲ್ಲಿ ನಾಲ್ಕು ಅಯಸ್ಕಾಂತ ಧ್ರುವ ಇರುವ) ಮೋಟರ್ ಆದರೆ 1440 ಅಥವಾ ಅದರ ಆಸುಪಾಸಿನ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನುವುದು, ಬರೆದಿರುತ್ತದೆ. ನಮ್ಮ ಲೈನಿನ 50 ಹರ್ಟ್ಸ್ ಲೆಕ್ಕಕ್ಕೆ ಒಳಗಿನ ಅಯಸ್ಕಾಂತದ ಸೆಳೆತ ನಿಮಿಷಕ್ಕೆ 1500 ಸುತ್ತು ಹೊಡೆಯುತ್ತದೆ. ರೋಟರ್ ಅದರ ಹಿಂದೆ ಸ್ವಲ್ಪ ನಿಧಾನಕ್ಕೆ ಓಡುತ್ತದೆ, ಅದಕ್ಕೇ 1440. ಈಗ ಅದೇ ಮೋಟರ್ ಲೈನಿಗೆ ಜೋಡಿಸಿರುವಾಗಲೇ ಯಾರೋ ಹೊರಗಿನಿಂದ ಅದನ್ನು 1500 ದಾಟಿಸಿ ಓಡಿಸಿದರು ಅನ್ನಿ. ಆ ಕ್ಷಣದಿಂದ ಅದು ಕರೆಂಟ್ ತಿನ್ನುವುದು ಬಿಟ್ಟು ಲೈನಿಗೆ ಕರೆಂಟ್ ಕೊಡಲು ಶುರು ಮಾಡುತ್ತದೆ. ಹಳೇ ಕಾಲದ ಎಷ್ಟೋ ಗಾಳಿಯಂತ್ರಗಳ ಒಳಗಿದ್ದದ್ದು ಇಂಥ ಇಂಡಕ್ಷನ್ ಯಂತ್ರವೇ. ವೈಂಡಿಂಗ್ ಮಾಡುವವನಿಗೆ ಇದಕ್ಕಿಂತ ಖುಷಿ ಕೊಡುವ ವಿಷಯ ಇನ್ನೊಂದಿಲ್ಲ. ಆದರೆ ಇದನ್ನು ಮನೆಯಲ್ಲಿ ಯಾರೂ ಪ್ರಯೋಗ ಮಾಡಬೇಡಿ. ಲೈನಿಗೆ ಹಿಂದಿನಿಂದ ಕರೆಂಟ್ ಬಿಟ್ಟರೆ ಕಂಬದ ಮೇಲಿರುವ ಲೈನ್‌ಮನ್ ಜೀವ ಹೋಗುತ್ತದೆ.

ಇನ್ನು ರೆಕ್ಕೆ. ಗಾಳಿ ಅದನ್ನು ಸುಮ್ನೆ ತಳ್ಳುತ್ತದೆ ಅಂತಲ್ಲ. ರೆಕ್ಕೆಯ ಒಂದು ಮೈ ಹೆಚ್ಚು ಉಬ್ಬಿರುತ್ತದೆ. ಆ ಕಡೆ ಗಾಳಿ ಜೋರಾಗಿ ಹರಿದು ಒತ್ತಡ ಕಡಿಮೆಯಾಗುತ್ತದೆ, ರೆಕ್ಕೆ ಆ ಕಡೆಗೆ ಎಳೆಯಲ್ಪಡುತ್ತದೆ. ವಿಮಾನ ಮೇಲೇಳುವುದೂ ಇದೇ ಬಲದಿಂದ. ರೆಕ್ಕೆಯ ಅಡ್ಡಗಲ 110 ಮೀಟರ್ ಇರುವ ಯಂತ್ರ ನಿಮಿಷಕ್ಕೆ 13 ಸುತ್ತು ಹಾಕಿದರೆ ದೂರದಿಂದ ನೋಡುವವರಿಗೆ ಆರಾಮಾಗಿ ತಿರುಗಿದ ಹಾಗೆ ಕಾಣುತ್ತದೆ. ಅದೇ ಹೊತ್ತಿಗೆ ರೆಕ್ಕೆಯ ತುದಿ ಗಂಟೆಗೆ ಸುಮಾರು 270 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ! ಮೇಲಿನ ಡಬ್ಬಿಯೊಳಗಿನ ಗೇರ್‌ಬಾಕ್ಸ್ ಈ 13 ಸುತ್ತನ್ನು ನೂರು ಪಟ್ಟಿಗೂ ಜಾಸ್ತಿ ಮಾಡಿ ಜನರೇಟರಿಗೆ ಕೊಡುತ್ತದೆ. ಗೇರ್ ಇಲ್ಲದೆ ದೊಡ್ಡ ಅಯಸ್ಕಾಂತದಿಂದ ನೇರವಾಗಿ ನಡೆಯುವ ಯಂತ್ರಗಳೂ ಇವೆ. ಹುಟ್ಟುವ ಕರೆಂಟ್ ಸಾಮಾನ್ಯವಾಗಿ 690 ವೋಲ್ಟ್. ಟ್ರಾನ್ಸ್‌ಫಾರ್ಮರ್ ಅದನ್ನು 33 ಸಾವಿರ ವೋಲ್ಟಿಗೆ ಏರಿಸಿ ಸಬ್‌ಸ್ಟೇಷನ್ನಿಗೆ ಕಳಿಸುತ್ತದೆ. ಅಂದರೆ ನಿಮ್ಮ ಹೊಲದ ಫ್ಯಾನಿನ ಕರೆಂಟ್ ನಿಮ್ಮ ಟಿಸಿಗೆ, ಅಂದರೆ ಬೋರಿಗೆ ಕರೆಂಟ್ ಕೊಡುವ ಊರ ಟ್ರಾನ್ಸ್‌ಫಾರ್ಮರಿಗೆ, ನೇರವಾಗಿ ಬರುವುದಿಲ್ಲ.

ಗಾಳಿ ಇದ್ದರೂ ಫ್ಯಾನ್ ಯಾಕೆ ನಿಂತಿರುತ್ತದೆ ಅಂತ ಇನ್ನೊಬ್ಬರು ಕೇಳಿದ್ದರು. ಸೆಕೆಂಡಿಗೆ ಸುಮಾರು 3 ಮೀಟರ್‌ಗಿಂತ ಕಡಿಮೆ ಗಾಳಿಗೆ ಅದರಿಂದ ಕರೆಂಟ್ ಬರುವುದಿಲ್ಲ. ಹೆಚ್ಚಿನ ಯಂತ್ರಗಳು 25 ಮೀಟರ್ ಆಸುಪಾಸಿಗೆ, ಅಂದರೆ ಗಂಟೆಗೆ 90 ಕಿಲೋಮೀಟರ್ ಬಿರುಗಾಳಿಗೆ, ರೆಕ್ಕೆಯನ್ನು ಗಾಳಿಗೆ ಓರೆ ಮಾಡಿ ನಿಂತುಬಿಡುತ್ತವೆ. ಲೈನ್ ಹೋದಾಗ, ರಿಪೇರಿ ಇದ್ದಾಗಲೂ ನಿಲ್ಲುತ್ತವೆ. ಇನ್ನೊಂದು ಕಾರಣ ಹೆಚ್ಚು ಜನಕ್ಕೆ ಗೊತ್ತಿಲ್ಲ. ಗಾಳಿ ಬಂದ ಕಡೆಗೆ ತಲೆ ತಿರುಗಿಸಿ ತಿರುಗಿಸಿ ಕಂಬದೊಳಗಿನ ಕೇಬಲ್ ಹುರಿಯಾಗುತ್ತದೆ. ಆಗ ಯಂತ್ರ ನಿಂತು, ತಲೆಯನ್ನು ವಾಪಸ್ ಸುತ್ತಿ ಕೇಬಲ್ ಬಿಡಿಸಿಕೊಂಡು ಮತ್ತೆ ಶುರುವಾಗುತ್ತದೆ.

ಈಗ ಬೋರಿನ ಮಾತು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. ವೇಗ ಅರ್ಧಕ್ಕೆ ಇಳಿದರೆ ಶಕ್ತಿ ಎಂಟನೇ ಒಂದು ಪಾಲಿಗೆ ಬೀಳುತ್ತದೆ. ಇದೊಂದನ್ನು ನೆನಪಿಟ್ಟುಕೊಳ್ಳಿ ಅಣ್ಣಾ, ಚಿಕ್ಕ ಫ್ಯಾನ್ ಮಾರುವವರು ಈ ಮಾತು ಎತ್ತುವುದೇ ಇಲ್ಲ. 3 ಮೀಟರ್ ಅಡ್ಡಗಲದ ಫ್ಯಾನಿಗೆ ಸೆಕೆಂಡಿಗೆ 4 ಮೀಟರ್ ಗಾಳಿ ಬಡಿದರೆ ಕೈಗೆ ಸಿಗುವುದು 80 ವ್ಯಾಟ್ ಆಸುಪಾಸು. ಎರಡು ಬಲ್ಬು, ಒಂದು ಟಿವಿ, ಅಷ್ಟೇ. ಅದೇ ಗಾಳಿ 8 ಮೀಟರ್ ಆದರೆ 600 ವ್ಯಾಟ್ ದಾಟುತ್ತದೆ. ನಿಮ್ಮ 5 ಎಚ್‌ಪಿ ಪಂಪಿಗೆ ಬೇಕಾದದ್ದು 3,700 ವ್ಯಾಟ್‌ಗೂ ಜಾಸ್ತಿ. 5 ಮೀಟರ್ ಗಾಳಿಯಲ್ಲಿ ಅಷ್ಟು ಬರಬೇಕಾದರೆ ಸುಮಾರು 15 ಮೀಟರ್ ಅಡ್ಡಗಲದ ಫ್ಯಾನ್ ಬೇಕು. ಅದನ್ನು ಬದುವಿನ ಮೇಲೆ ನಿಲ್ಲಿಸಲು ಆಗುತ್ತದಾ? ಎಷ್ಟೇ ಒಳ್ಳೆ ಯಂತ್ರ ತಂದರೂ ಗಾಳಿಯ ಶಕ್ತಿಯಲ್ಲಿ 59.3 ಪರ್ಸೆಂಟ್‌ಗಿಂತ ಜಾಸ್ತಿ ತೆಗೆಯಲು ಬರುವುದಿಲ್ಲ. ಆಲ್ಬರ್ಟ್ ಬೆಟ್ಜ್ ಎಂಬ ಜರ್ಮನಿಯ ವಿಜ್ಞಾನಿ ನೂರು ವರ್ಷದ ಹಿಂದೆಯೇ ಇದರ ಲೆಕ್ಕ ಕೊಟ್ಟಿದ್ದಾರೆ.

ಕಂಪನಿಯವರು ಅಷ್ಟು ಎತ್ತರ ಹೋಗುವುದೂ ಇದಕ್ಕೇ. ನೆಲದ ಹತ್ತಿರ ಗಿಡ, ಮನೆ, ಬೆಳೆ ಎಲ್ಲಾ ಗಾಳಿಯನ್ನು ತಡೆಯುತ್ತವೆ. ಬಯಲು ಸೀಮೆಯಲ್ಲಿ 10 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 4 ಮೀಟರ್ ಇರುವ ಗಾಳಿ 120 ಮೀಟರ್ ಎತ್ತರದಲ್ಲಿ ಸೆಕೆಂಡಿಗೆ 5.7 ಮೀಟರ್ ಆಸುಪಾಸು ಇರಬಹುದು. ವೇಗದಲ್ಲಿ ಸಣ್ಣ ಫರಕು ಅನ್ನಿಸುತ್ತದೆ, ಅಲ್ವಾ? ಶಕ್ತಿಯಲ್ಲಿ ಅದು ಹತ್ತಿರಹತ್ತಿರ ಮೂರು ಪಟ್ಟು.

ನಿಮ್ಮ ಹೊಲದ ಗಾಳಿಯನ್ನು ನೀವೇ ಅಂದಾಜು ಮಾಡಬಹುದು. ಬೇವಿನ ಎಲೆ, ಸಣ್ಣ ಕಡ್ಡಿ ಬಿಡದೆ ಅಲ್ಲಾಡುತ್ತಿದ್ದರೆ ಸೆಕೆಂಡಿಗೆ 3ರಿಂದ 5 ಮೀಟರ್. ಧೂಳು ಎದ್ದು, ಹರಿದ ಕಾಗದ ಹಾರಿ, ಸಣ್ಣ ಕೊಂಬೆ ಆಡಿದರೆ 6ರಿಂದ 8. ಚಿಕ್ಕ ಗಿಡವೇ ತೂಗಾಡಿದರೆ ಅದಕ್ಕೂ ಮೇಲೆ. ನಮ್ಮಲ್ಲಿ ಜೋರು ಗಾಳಿ ಜೂನ್‌ನಿಂದ ಆಗಸ್ಟ್ ತನಕ, ಮುಂಗಾರಿನ ಜೊತೆ. ಬೋರಿಗೆ ನೀರು ಎತ್ತುವ ಕೆಲಸ ಇರುವುದು ಹಿಂಗಾರು, ಬೇಸಿಗೆಯಲ್ಲಿ. ಆಗ ಗಾಳಿ ಬಿದ್ದಿರುತ್ತದೆ, ಬಿಸಿಲು ಮಾತ್ರ ಧಾರಾಳ. ಅದಕ್ಕೇ ನಿಮಗೆ ಸೋಲಾರ್ ಸರಿ. 5 ಎಚ್‌ಪಿ ಪಂಪಿಗೆ ಸಾಮಾನ್ಯವಾಗಿ 4,800 ವ್ಯಾಟ್ ಪ್ಯಾನಲ್ ಕೂರಿಸುತ್ತಾರೆ. ಸೋಲಾರ್ ಪಂಪಿಗೆ ಕೇಂದ್ರ ಸರ್ಕಾರದ ಕುಸುಮ್ ಯೋಜನೆಯಲ್ಲಿ ಸಬ್ಸಿಡಿ ಇದೆಯಾ ಅಂತ ವಿಚಾರಿಸಿ.

ಫ್ಯಾನ್ ಬಂದರೆ ಮೋಡ ಓಡಿಹೋಗುತ್ತವೆ, ಮಳೆ ಬರುವುದಿಲ್ಲ ಅಂತ ಇನ್ನೊಬ್ಬರು ಬರೆದಿದ್ದಾರೆ. ಮಳೆ ಹೋದವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಹಾಗಾಗುವುದಿಲ್ಲ. ಫ್ಯಾನ್ ಗಾಳಿ ಬಿಡುವುದಿಲ್ಲ, ಗಾಳಿಯಿಂದ ತೆಗೆದುಕೊಳ್ಳುತ್ತದೆ. ಅದರ ಹಿಂದೆ ಸ್ವಲ್ಪ ದೂರ ಗಾಳಿ ಕಲಕಿ ನಿಧಾನವಾಗುತ್ತದೆ. ಮಳೆ ಮೋಡ ಕಿಲೋಮೀಟರ್‌ಗಟ್ಟಲೆ ಮೇಲಕ್ಕೆ ಬೆಳೆದಿರುತ್ತದೆ. ನಮ್ಮ ಭಾಗಕ್ಕೆ ಮಳೆ ಕಡಿಮೆ ಇರುವುದಕ್ಕೆ ಪಶ್ಚಿಮ ಘಟ್ಟದ ಹಿಂದಿನ ಮಳೆ ನೆರಳು ದೊಡ್ಡ ಕಾರಣ.

ಇನ್ನು ಹೊಲ ಕೊಡುವ ವಿಷಯ. ಬಾಡಿಗೆ ಎಷ್ಟು ಅನ್ನುವುದಕ್ಕಿಂತ ಮೊದಲು ಕಂಬ ಎಲ್ಲಿ, ರಸ್ತೆ ಎಲ್ಲಿ ಅಂತ ನಕಾಶೆಯಲ್ಲಿ ಗುರುತು ಹಾಕಿಸಿಕೊಳ್ಳಿ. ಎರೆ ಹೊಲದಲ್ಲಿ ಕ್ರೇನ್ ಹೋಗಲು ಗರಸು ಹಾಕಿ ಎತ್ತರದ ರಸ್ತೆ ಮಾಡುತ್ತಾರೆ. ಅದರಡಿ ಪೈಪ್ ಇಡದಿದ್ದರೆ ಮೇಲಿನ ನೀರು ನಿಂತು ತೊಗರಿ ನೆಟೆ ಬಿದ್ದು ಒಣಗುತ್ತದೆ. ಎಲ್ಲೆಲ್ಲಿ ಪೈಪ್ ಅನ್ನುವುದು ಬರವಣಿಗೆಯಲ್ಲಿರಲಿ. ನೆಲದಡಿಯ ಕೇಬಲ್ ಎಷ್ಟು ಆಳ ಅಂತಲೂ ಬರೆಸಿ, ಟ್ರ್ಯಾಕ್ಟರಿನಿಂದ ಪಲ್ಟಿ ಹೊಡೆಯುವಾಗ ತಾಗಬಾರದು. ಫ್ಯಾನ್ ವಾಸದ ಮನೆಯಿಂದ 500 ಮೀಟರ್ ದೂರ ಇರಬೇಕು ಅಂತ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಹೇಳಿತ್ತು. ಹೊಲದಲ್ಲೇ ಮನೆ ಇದ್ದರೆ ಅದನ್ನು ಈಗಲೇ ಹೇಳಿ. ಕರಾರಿನ ಕರಡು ಕೊಟ್ಟಿದ್ದರೆ ಹೆಸರು, ಸರ್ವೆ ನಂಬರ್ ಮುಚ್ಚಿ ಫೋಟೋ ಹಾಕಿ ಅಣ್ಣಾ. ರಸ್ತೆ, ಕೇಬಲ್ ವಿಷಯ ನಾನು ಓದಿ ಹೇಳುತ್ತೇನೆ. ಕಾಗದಪತ್ರದ ಮಾತು ಮಾತ್ರ ವಕೀಲರ ಹತ್ತಿರವೇ ತೋರಿಸಿ.